ಅತ್ತೆ ಬಡಿಸಿದ ಅಳತೆ

ಸಾಲೆಸಿಯ ತೂಕ ನೋಡಬೇಕೆಂದರೆ ಈರುಳ್ಳಿ ಶೆಡ್ಡಿಗೇ ಹೋಗಬೇಕು. ಮನೆಯ ಬಚ್ಚಲಿನಲ್ಲಿದ್ದ ಗಾಜಿನ ತಕ್ಕಡಿ ನೂರೆಂಬತ್ತು ಕಿಲೋ ದಾಟಿದರೆ ಅಂಕಿಯ ಬದಲು ಎರಡು ಗೀಟು ತೋರಿಸಿ ಸುಮ್ಮನಾಗುತ್ತಿತ್ತು. ಬೀದಿಯ ಡಾಕ್ಟರ ಹತ್ತಿರ ಇದ್ದದ್ದು ಇನ್ನೂರಕ್ಕೆ ಕೈಚೆಲ್ಲುತ್ತಿತ್ತು. ಅವನ ಹೆಂಡತಿ ಲುಪೆ, ಆಕ್ಲೆಂಡಿನಿಂದ ತುಸು ದೂರ ಪುಕೆಕೊಹೆಯ ಶೆಡ್ಡಿನಲ್ಲಿ ಈರುಳ್ಳಿ ಆರಿಸುವ ಕೆಲಸ ಮಾಡುತ್ತಿದ್ದಳು. ಅಲ್ಲಿ ಮೂಟೆಗಳನ್ನು ಹಲಗೆ ಸಮೇತ ಇಟ್ಟು ತೂಗುವ, ನೆಲಕ್ಕೆ ಕೂರಿಸಿದ ಕಬ್ಬಿಣದ ತಕ್ಕಡಿಯಿತ್ತು. ಶನಿವಾರ ಮಧ್ಯಾಹ್ನ ಪಾಳಿ ಮುಗಿದ ಮೇಲೆ ಅವಳು ಗಂಡನನ್ನು ಕಾರಿನಿಂದ ಇಳಿಸಿ, ಕೈಹಿಡಿದು ಅದರ ಮೇಲೆ ನಿಲ್ಲಿಸುತ್ತಿದ್ದಳು.

"ಲುಪೆ, ಇದು ಒಂದನೇ ನಂಬರ್ ಮಾಲೋ ಎರಡನೇದೋ?" ಎಂದು ಜೊತೆಯ ಹೆಂಗಸರು ನಗುತ್ತಿದ್ದರು.

"ಪರದೇಶಕ್ಕೆ ಹೋಗೋ ಮಾಲು ಕಣ್ರೇ, ಉರುಳಿಸ್ಬೇಡಿ," ಎಂದು ಸಾಲೆಸಿಯೇ ಮೊದಲು ನಕ್ಕುಬಿಡುತ್ತಿದ್ದ. ಯಾರಾದರೂ ನಗುವ ಮೊದಲೇ ತಾನು ನಕ್ಕುಬಿಡುವುದು ಅವನಿಗೆ ಚಿಕ್ಕಂದಿನಿಂದ ಬಂದ ಅಭ್ಯಾಸ.

ಮೇ ತಿಂಗಳ ಮೊದಲ ಶನಿವಾರ ತಕ್ಕಡಿ ಇನ್ನೂರ ಮೂವತ್ತೆರಡು ತೋರಿಸಿತು. ಅದೇ ವಾರ ದೊಡ್ಡಾಸ್ಪತ್ರೆಯಿಂದ ಕಾಗದ ಬಂತು. ಮನೆಗೆ ಬರುವ ಕಾಗದಗಳನ್ನೆಲ್ಲ ಓದಿ ಹೇಳುವವಳು ಹದಿನಾರರ ಮಗಳು ಸೆಲಾ. ಊಟದ ಮೇಜಿನ ಮೇಲೆ ಹರಡಿಕೊಂಡು ಓದಿದಳು.

"ಹೊಟ್ಟೆ ಚಿಕ್ಕದು ಮಾಡೋ ಆಪರೇಷನ್‌ಗೆ ಅಪ್ಪನ ಹೆಸರು ತಗೊಂಡಿದಾರೆ. ಆದ್ರೆ ಈ ತೂಕದಲ್ಲಿ ಮಾಡಲ್ವಂತೆ. ಪ್ರಜ್ಞೆ ತಪ್ಪಿಸೋ ಔಷಧಿ ಕೊಟ್ರೆ ಉಸಿರು ವಾಪಸ್ ಬರುತ್ತೆ ಅಂತ ಧೈರ್ಯ ಇಲ್ವಂತೆ. ಆಗಸ್ಟ್ ಹದಿನಾಲ್ಕಕ್ಕೆ ಇನ್ನೂರ ಹದಿನೈದರ ಒಳಗೆ ಇರ್ಬೇಕು. ತೂಕ ಇಳಿಸೋ ಆಪರೇಷನ್ ಬೇಕಂದ್ರೆ ಮೊದ್ಲು ತೂಕ ಇಳಿಸ್ಬೇಕು."

"ಸರಿಯಾಗಿ ಓದೇ."

"ನಾನು ಸರಿಯಾಗೇ ಓದಿದೀನಮ್ಮ. ಅವ್ರು ಸರಿಯಾಗಿ ಬರ್ದಿಲ್ಲ."

ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎನ್ನುತ್ತಾರಲ್ಲ, ಅದಕ್ಕೆ ಆಸ್ಪತ್ರೆಯವರು ಮೊಹರು ಒತ್ತಿ ಕಳಿಸಿದ್ದರು. ಆದರೂ ಲುಪೆ ಆ ಕಾಗದವನ್ನು ಬೈಬಲಿನೊಳಗೆ ಮಡಚಿಟ್ಟಳು. ಹೃದಯದ ಡಾಕ್ಟರು ಅವಳೊಬ್ಬಳನ್ನೇ ಕರೆದು, "ಹೀಗೇ ಇದ್ದರೆ ಎರಡು ವರ್ಷ. ಮೂರು ಅನ್ನೋಕೆ ನನಗೆ ಬಾಯಿ ಬರಲ್ಲ," ಎಂದಿದ್ದರು. ಸಾಲೆಸಿಗೆ ಆಗ ನಲವತ್ಮೂರು. ಬಸ್ಸು ಓಡಿಸುತ್ತಿದ್ದವನು ಸ್ಟೀರಿಂಗಿಗೂ ಹೊಟ್ಟೆಗೂ ನಡುವೆ ಜಾಗ ಸಾಲದೆ ಕೆಲಸ ಬಿಟ್ಟಿದ್ದ. ಮಲಗಿದರೆ ಉಸಿರು ಕಟ್ಟುತ್ತದೆಂದು ಕುರ್ಚಿಯಲ್ಲೇ ಕೂತು ನಿದ್ದೆ ಮಾಡುತ್ತಿದ್ದ. ಆ ಆಪರೇಷನ್ ಆದರೆ ಅವಳ ಗಂಡ ಉಳಿಯುತ್ತಾನೆ, ಆಗದಿದ್ದರೆ ಇಲ್ಲ. ಲುಪೆಗೆ ಗೊತ್ತಿದ್ದದ್ದು ಇಷ್ಟೇ, ಇಷ್ಟೇ ಸಾಕಾಗಿತ್ತು.

ಆಸ್ಪತ್ರೆಯವರು ಹೇಳಿದ ಪಥ್ಯ ಶುರುವಾಯಿತು: ಪುಡಿ ಕದಡಿದ ಹಾಲು ದಿನಕ್ಕೆ ಮೂರು ಲೋಟ, ರಾತ್ರಿ ಬೇಯಿಸಿದ ಸೊಪ್ಪು ಮತ್ತು ಅಂಗೈಯಗಲ ಮೀನು. ಎರಡು ವಾರ ಹೇಗೋ ನಡೆಯಿತು. ಮೂರನೆಯ ವಾರ ತೊವಾಕಸೆ ಅತ್ತೆ ಬಂದಿಳಿದಳು.

ತೊವಾಕಸೆ ಸಾಲೆಸಿಯ ಸೋದರತ್ತೆ, ಅವನ ಅಪ್ಪನ ಅಕ್ಕ. ನಮ್ಮ ಟೋಂಗಾ ಜನರಲ್ಲಿ ಸೋದರತ್ತೆಯ ಮಾತಿಗೆ ಎದುರು ಮಾತಿಲ್ಲ. ರಾಜನಿಗಾದರೂ ಅರ್ಜಿ ಬರೆಯಬಹುದು, ಅತ್ತೆಗೆ ಯಾರು ಬರೆಯುತ್ತಾರೆ? ಅವಳು ಕೊಟ್ಟದ್ದನ್ನು ತೆಗೆದುಕೊಳ್ಳಬೇಕು, ಕೇಳಿದ್ದನ್ನು ಕೊಡಬೇಕು. ಇನ್ನು ಸೊಸೆಯಾಗಿ ಬಂದವಳ ಬಾಯಿಗಂತೂ ಬೀಗವೇ. ಎಪ್ಪತ್ತೆರಡರ ಮುದುಕಿ, ಬಿದಿರಿನಂತೆ ತೆಳ್ಳಗೆ. ತಮ್ಮನ ಮಗ ಕಾಯಿಲೆ ಬಿದ್ದಿದ್ದಾನೆ ಎಂದು ಯಾರೋ ಹೇಳಿದ ಮಾತು ಕೇಳಿ ವಿಮಾನ ಹತ್ತಿದ್ದಳು. ಬರುವಾಗ ಎರಡು ಪೆಟ್ಟಿಗೆ ಕೆಸುವಿನ ಗಡ್ಡೆ, ಮರಗೆಣಸು, ಊರಿನ ತೆಂಗಿನಕಾಯಿ ತಂದಿದ್ದಳು.

ಬಾಗಿಲಲ್ಲೇ ಸಾಲೆಸಿಯ ಕೆನ್ನೆ ಹಿಡಿದು ನೋಡಿದಳು.

"ಇದೇನೋ ಮಗಾ, ಮುಖ ಇಳಿದುಹೋಗಿದೆ!"

"ಸ್ವಲ್ಪ ಹುಷಾರಿಲ್ಲ ಅತ್ತೆ. ಸಣ್ಣದೊಂದು ಆಪರೇಷನ್ನು."

"ಆಪರೇಷನ್ ಅಂದ್ರೆ ಮೈಯಲ್ಲಿ ಶಕ್ತಿ ಬೇಕು. ಇವಳು ಏನ್ ಹಾಕ್ತಿದಾಳೆ ನಿಂಗೆ?" ಲುಪೆಯ ಕೈಲಿದ್ದ ಹಾಲಿನ ಲೋಟ ಮೂಸಿ ನೋಡಿ ತೊಟ್ಟಿಗೆ ಸುರಿದಳು. "ಹಲ್ಲಿಲ್ಲದ ಕೂಸಿಗೆ ಕೊಡೋದು ಇದು."

ಆ ಸಂಜೆಯೇ ಕೆಸುವಿನ ಎಲೆಯಲ್ಲಿ ಡಬ್ಬಿಯ ಮಾಂಸ, ಈರುಳ್ಳಿ, ಗಟ್ಟಿ ತೆಂಗಿನಹಾಲು ಕಟ್ಟಿ ಬೇಯಿಸಿದಳು. ಮರುದಿನ ಕುರಿಯ ಪಕ್ಕೆ. ಭಾನುವಾರ ಹಿತ್ತಲಲ್ಲಿ ಕುಳಿ ತೋಡಿಸಿ, ಕಲ್ಲು ಕಾಯಿಸಿ ಮುಚ್ಚಿಟ್ಟ ಅಡುಗೆ. ತಾನೇ ಬಡಿಸಿ, ಎದುರಿಗೆ ಕೂತು, ಅವನು ಉಣ್ಣುವುದನ್ನು ಕಣ್ತುಂಬ ನೋಡುತ್ತಿದ್ದಳು. ಸಾಲೆಸಿ ಒಮ್ಮೆ ಲುಪೆಯ ಕಡೆ ನೋಡುತ್ತಿದ್ದ, ಒಮ್ಮೆ ತಟ್ಟೆಯ ಕಡೆ. ಆಮೇಲೆ ಉಣ್ಣುತ್ತಿದ್ದ. ಅವನಿಗೂ ಹಸಿವಿತ್ತು, ಸುಳ್ಳೇಕೆ ಹೇಳಬೇಕು. ಆದರೆ ಹಸಿವಿಲ್ಲದಿದ್ದರೂ ಉಣ್ಣಲೇಬೇಕಿತ್ತು.

"ನೀನಾದ್ರೂ ಹೇಳು," ಎಂದು ಲುಪೆ ಬಟ್ಟೆ ಒಣಹಾಕುವ ನೆಪದಲ್ಲಿ ಅವನನ್ನು ಹಿತ್ತಲಿಗೆ ಕರೆದು ಗೋಗರೆದಳು.

"ಏನಂತ ಹೇಳ್ಲಿ? ನಾನು ದಪ್ಪ ಇದೀನಿ, ನನ್ನ ಹೊಟ್ಟೆ ಕೊಯ್ತಾರೆ ಅಂತ ಅತ್ತೆ ಮುಂದೆ ಮೈ ವಿಷಯ ಮಾತಾಡ್ಲಾ? ನೀನು ಹೇಳು."

"ನಾನಾ? ನಿಮ್ಮ ವಂಶದೋರೆಲ್ಲ ಸೇರಿ ನನ್ನ ಕುಳಿಗೆ ಹಾಕಿ ಬೇಯಿಸ್ತಾರೆ."

ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ನಾಲ್ಕು ವಾರ ಯಾರೂ ಕಟ್ಟಲಿಲ್ಲ. ಜೂನ್ ಕೊನೆಗೆ ಆಸ್ಪತ್ರೆಯ ತಕ್ಕಡಿಯಲ್ಲಿ ಇನ್ನೂರ ಮೂವತ್ತೈದು ಬಂತು. ಅಲ್ಲಿದ್ದ ಸಮೋವಾ ಕಡೆಯ ನರ್ಸಮ್ಮ ಬರೆದುಕೊಳ್ಳುತ್ತ, "ಇನ್ನೊಂದ್ಸಲ ಏರಿದ್ರೆ ಪಟ್ಟಿಯಿಂದ ಹೆಸರು ತೆಗೀತಾರೆ. ನನ್ನ ಕೈಲಿ ಏನೂ ಇಲ್ಲ," ಎಂದಳು.

ಅಂದು ಸಂಜೆ ತೊವಾಕಸೆ ಎಂದಿನಂತೆ ಸಾಲೆಸಿಯ ತಟ್ಟೆಗೆ ಮಾಂಸದ ಎರಡನೆಯ ತುಂಡು ಹಾಕಿದಳು. ಸೆಲಾ ಚಮಚ ಕೆಳಗಿಟ್ಟಳು.

"ಅಜ್ಜಿ, ಅಪ್ಪನ ಗುಂಡಿ ಹಿತ್ತಲಲ್ಲೇ ತೋಡಿದೀರಿ. ಅಡುಗೆ ಕುಳೀನೇ ಸ್ವಲ್ಪ ದೊಡ್ಡದು ಮಾಡಿದ್ರೆ ಆಯ್ತು."

ಲುಪೆ ಮಗಳ ಕೆನ್ನೆಗೆ ಒಂದು ಕೊಟ್ಟಳು. ಸಾಲೆಸಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಸೆಲಾ ಅಳಲಿಲ್ಲ. ಬೈಬಲಿನಿಂದ ಆ ಕಾಗದ ತಂದು ನಿಂತುಕೊಂಡೇ ಓದಿದಳು, ಮುದುಕಿಗೆ ಅರ್ಥವಾಗುವ ನಮ್ಮ ಮಾತಿನಲ್ಲಿ. ಇನ್ನೂರ ಹದಿನೈದು, ಆಗಸ್ಟ್ ಹದಿನಾಲ್ಕು, ಎರಡು ವರ್ಷ, ಎಲ್ಲವನ್ನೂ. ಎರಡು ವರ್ಷದ ಮಾತು ಬಾಗಿಲ ಹಿಂದೆ ನಿಂತು ಮಗಳೂ ಕೇಳಿಸಿಕೊಂಡಿದ್ದಳೆಂದು ಲುಪೆಗೆ ಗೊತ್ತಾದದ್ದೇ ಆಗ.

ತೊವಾಕಸೆ ಲುಪೆಯ ಕಡೆ ತಿರುಗಿ, "ನಾಲ್ಕು ವಾರ ನನ್ನ ಕೈಯಿಂದ ಅವನಿಗೆ ವಿಷ ಹಾಕ್ಸಿದ್ರಿ. ಒಬ್ರಾದ್ರೂ ಹೇಳ್ಬಾರ್ದಾ?" ಎಂದಳು.

"ನಿಮಗೆ ಹೇಳೋರು ಯಾರು ಅತ್ತೆ?"

ಮುದುಕಿ ಸಾಲೆಸಿಯ ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡಳು. ಮಾಂಸವನ್ನು ಮತ್ತೆ ಪಾತ್ರೆಗೆ ಹಾಕಿದಳು. ಕಪಾಟಿನ ಮೇಲೆ ಸೆಲಾ ಮಗುವಾಗಿದ್ದಾಗಿನ ಒಂದು ನೀಲಿ ತಟ್ಟೆಯಿತ್ತು, ಅಂಚಿನಲ್ಲಿ ಬಾತುಕೋಳಿಗಳ ಸಾಲು ಇದ್ದದ್ದು. ಅದನ್ನು ತೊಳೆದು ಸೊಪ್ಪು ಬಡಿಸಿ, ಎರಡು ಬೆರಳಗಲ ಕೆಸುವಿನ ಗಡ್ಡೆ ಇಟ್ಟು ಅವನ ಮುಂದೆ ತಳ್ಳಿದಳು.

"ಇನ್ಮೇಲೆ ಇದ್ರಲ್ಲೇ. ನಾನು ಬಡಿಸಿದ್ದಷ್ಟೇ."

ಅಂದಿನಿಂದ ಮನೆಯ ಗಾಳಿಯೇ ಬೇರೆಯಾಯಿತು. ಆರು ವರ್ಷ ಡಾಕ್ಟರು, ಪಾದ್ರಿ, ಹೆಂಡತಿ ಯಾರು ಹೇಳಿದರೂ ಆಗದ್ದು ಮುದುಕಿಯ ಒಂದು ಸೌಟಿನಿಂದ ಆಯಿತು. ಚರ್ಚಿನಲ್ಲಿ ಊಟದ ಸಾಲಿಗೆ ಯಾರಾದರೂ ಸಾಲೆಸಿಯನ್ನು ಕರೆದರೆ, "ನನ್ನ ಹುಡುಗನಿಗೆ ನಾನು ಬಡಿಸ್ತೀನಿ, ನೀವು ನಿಮ್ಮದು ನೋಡ್ಕೊಳ್ಳಿ," ಎಂದು ಅವಳು ನೀಲಿ ತಟ್ಟೆಯನ್ನು ಕೈಚೀಲದಿಂದ ತೆಗೆಯುತ್ತಿದ್ದಳು. ಪಾದ್ರಿಯ ಹೆಂಡತಿಯೂ ಬಾಯಿ ಮುಚ್ಚಿದಳು. ಬೆಳಿಗ್ಗೆ ಅವನನ್ನು ಮುಂದೆ ಬಿಟ್ಟುಕೊಂಡು, ತಾನು ಹಿಂದೆ ಕೊಡೆ ಊರಿಕೊಂಡು ಬೀದಿಯ ಕೊನೆಯವರೆಗೆ ನಡೆಸುತ್ತಿದ್ದಳು.

"ಇನ್ನೊಂಚೂರು ಅತ್ತೆ," ಎಂದು ಸಾಲೆಸಿ ಮೊದಲ ವಾರ ತಟ್ಟೆ ಚಾಚುತ್ತಿದ್ದ.

"ಸಾಕು."

ಅಷ್ಟೇ. ಅವನು ತಟ್ಟೆ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದ. ಕಣ್ಣಲ್ಲಿ ನೀರು ತಂದುಕೊಂಡದ್ದನ್ನು ಲುಪೆ ಎರಡು ಸಲ ಕಂಡಳು. ಮುದುಕಿಯೂ ಕಂಡಿದ್ದಳು, ಆದರೆ ಸೌಟು ಅಲ್ಲಾಡಲಿಲ್ಲ.

ಈರುಳ್ಳಿ ತಕ್ಕಡಿ ಇಳಿಯತೊಡಗಿತು. ಇನ್ನೂರ ಇಪ್ಪತ್ತೊಂಬತ್ತು. ಇನ್ನೂರ ಇಪ್ಪತ್ನಾಲ್ಕು. ಜುಲೈ ಕೊನೆಯ ಶನಿವಾರ ಇನ್ನೂರ ಹದಿಮೂರೂವರೆ. ಶೆಡ್ಡಿನ ಹೆಂಗಸರು ಚಪ್ಪಾಳೆ ತಟ್ಟಿದರು. "ಮಾಲು ಒಣಗ್ತಿದೆ ಲುಪೆ, ಹುಷಾರು!" ಎಂದು ಒಬ್ಬಳು ಕೂಗಿದಳು. ಆ ದಿನ ಲುಪೆ ಸುಖವಾಗಿದ್ದಳು. ಮನೆಗೆ ಬರುವ ದಾರಿಯಲ್ಲಿ ಕಾರು ನಿಲ್ಲಿಸಿ ಸುಮ್ಮನೆ ಅತ್ತಳು. ಸಾಲೆಸಿ ಅವಳ ಬೆನ್ನು ತಟ್ಟುತ್ತ, "ಅಳೋದು ನಾನು ಕಣೇ, ಹಸಿದಿರೋನು ನಾನು," ಎಂದು ನಗಿಸಿದ.

ಆಗಸ್ಟ್ ಒಂದರ ಬೆಳಿಗ್ಗೆ ತೊವಾಕಸೆ ನಡೆದಾಟಕ್ಕೆ ಹೊರಡಲು ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತು ಒಂದು ಕಾಲಿಗೆ ಬೂಟು ಹಾಕಿಕೊಂಡಳು. ಇನ್ನೊಂದು ಬೂಟು ಕೈಯಲ್ಲೇ ಇತ್ತು. ಸಾಲೆಸಿ ಹೊರಗಿನಿಂದ ಎರಡು ಸಲ ಕರೆದ, ಅವಳು ಬರಲಿಲ್ಲ.

ಸೋದರತ್ತೆ ಸತ್ತರೆ ತಮ್ಮನ ಮಕ್ಕಳೇ ಆ ಸಾವಿನಲ್ಲಿ ಎಲ್ಲರಿಗಿಂತ ಕೆಳಗಿನವರು. ಹರಿದ ದೊಡ್ಡ ಚಾಪೆಯನ್ನು ಎದೆಯವರೆಗೆ ಸುತ್ತಿ ಹಗ್ಗ ಬಿಗಿದುಕೊಳ್ಳಬೇಕು, ತಲೆ ಬಾಚುವಂತಿಲ್ಲ, ಹೆಣದ ಹತ್ತಿರ ಸುಳಿಯುವಂತಿಲ್ಲ. ಹಿತ್ತಲಲ್ಲಿದ್ದು ಬಂದವರಿಗೆಲ್ಲ ಅಡುಗೆ ಮಾಡಬೇಕು. ಸಾಲೆಸಿ ಆರು ದಿನ ಹೊಗೆಯಲ್ಲಿ ನಿಂತ. ಯಾರೋ ಕುರ್ಚಿ ತಂದರೆ ಬೇಡವೆಂದ. ಅವನ ಕಾಲುಗಳು ಬಾತು ಚರ್ಮ ಹೊಳೆಯತೊಡಗಿತು. ನೀರಿಳಿಸುವ ಮಾತ್ರೆ ನುಂಗಿದರೆ ಪದೇ ಪದೇ ಒಳಗೆ ಹೋಗಬೇಕಾಗುತ್ತದೆಂದು ಅದನ್ನೂ ಬಿಟ್ಟ. ಒಳಗೆ ಹಾಡುತ್ತಿದ್ದರು. ಅವನು ಕಿಟಕಿಯ ಕಡೆ ಕಿವಿಯಿಟ್ಟುಕೊಂಡು ಕಲ್ಲು ತಿರುವುತ್ತಿದ್ದ.

ಸಿಡ್ನಿಯಿಂದ ತೊವಾಕಸೆಯ ಮಗಳು ಪಿಸಿಲಾ ಬಂದಿದ್ದಳು. ಈಗ ಸಾಲೆಸಿಗೆ ಅಪ್ಪಣೆ ಕೊಡುವ ಹಕ್ಕು ಅವಳದು. ಹೊತ್ತು ಹೊತ್ತಿಗೆ ಅವಳು ತಟ್ಟೆ ತುಂಬಿಸಿ ಹಿತ್ತಲಿಗೆ ಕಳಿಸುತ್ತಿದ್ದಳು, ಉಪ್ಪು ಮಾಂಸ, ಹಂದಿಯ ತೊಡೆ, ತೆಂಗಿನಹಾಲಿನ ಗಡ್ಡೆ. ಅಮ್ಮನ ಹೆಸರಿನ ಊಟ. ಮೂರನೆಯ ದಿನ ಲುಪೆ ಧೈರ್ಯ ಮಾಡಿ, ಅವಳ ಮುಂದೆ ಚಾಪೆಯ ಮೇಲೆ ಮಂಡಿಯೂರಿದಳು.

"ಅವನಿಗೆ ಇಷ್ಟೊಂದು ಕಳಿಸ್ಬೇಡಿ ತಾಯಿ. ಹದಿನಾಲ್ಕಕ್ಕೆ ಆಸ್ಪತ್ರೆ ಇದೆ."

"ನಮ್ಮಮ್ಮನ ಸಾವಿನ ಊಟ ಬೇಡ ಅನ್ನೋಷ್ಟು ದೊಡ್ಡವನಾದ್ನಾ ಅವನು?"

"ನಿಮ್ಮಮ್ಮನೇ ಅಳತೆ ಹಾಕಿ ಬಡಿಸ್ತಿದ್ರು."

"ಹಂಗಾದ್ರೆ ಅಮ್ಮನೇ ಎದ್ದು ಬಂದು ಹೇಳ್ಲಿ," ಎಂದು ಪಿಸಿಲಾ ಅತ್ತುಬಿಟ್ಟಳು. ಸುತ್ತ ಕೂತ ಹೆಂಗಸರು ಲುಪೆಯ ಕಡೆ ನೋಡಿದ ನೋಟವನ್ನು ಅವಳು ಸಾಯುವವರೆಗೆ ಮರೆಯಲಾರಳು. ತಪ್ಪು ಪಿಸಿಲಾಳದೂ ಅಲ್ಲ, ಅಮ್ಮನನ್ನು ಕಳೆದುಕೊಂಡವಳು ಅವಳು. ಬೇಡ ಎನ್ನುವ ಹಕ್ಕಿದ್ದವಳು ಒಬ್ಬಳೇ, ಅವಳು ಪೆಟ್ಟಿಗೆಯೊಳಗೆ ಮಲಗಿದ್ದಳು. ಲುಪೆ ಎದ್ದು ಹಿತ್ತಲಿಗೆ ಹೋದಳು. ಸಾಲೆಸಿ ಬೆಂಕಿಯ ಪಕ್ಕ ನಿಂತುಕೊಂಡೇ, ತಲೆ ತಗ್ಗಿಸಿ, ತಟ್ಟೆ ಖಾಲಿ ಮಾಡುತ್ತಿದ್ದ. ಮೂಗಿನಿಂದ ನೀರು ಸೋರುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

ಮಣ್ಣು ಮಾಡಿದ ಮೇಲೆ ಪಿಸಿಲಾ ಸಿಡ್ನಿಗೆ ಹೋದಳು, ತಿಂಗಳ ಕೊನೆಗೆ ಬಂದು ಸೂತಕದ ಚಾಪೆ ಬಿಚ್ಚಿಸುತ್ತೇನೆಂದಳು. ಸೆಲಾ ಆಸ್ಪತ್ರೆಗೆ ಫೋನು ಮಾಡಿ ದಿನ ಮುಂದೆ ಹಾಕುವಿರಾ ಎಂದು ಕೇಳಿದಳು. ಬರದಿದ್ದರೆ ಹೆಸರು ಹೋಗುತ್ತದೆ ಎಂದರು.

ಹದಿನಾಲ್ಕರಂದು ಮೂವರೂ ಹೋದರು. ಸಾಲೆಸಿ ಚಾಪೆ ಸುತ್ತಿಕೊಂಡೇ ತಕ್ಕಡಿ ಹತ್ತಿದ. ಇನ್ನೂರ ಇಪ್ಪತ್ತೊಂದು ಚಿಲ್ಲರೆ. ಸಮೋವಾದ ನರ್ಸಮ್ಮ ಅಂಕಿ ನೋಡಿದಳು, ಚಾಪೆ ನೋಡಿದಳು. ಅದೇನೆಂದು ಅವಳಿಗೆ ಗೊತ್ತಿತ್ತು, ಹಾಗಾಗಿ ತೆಗೆಯಿರಿ ಎನ್ನಲು ಬಾಯಿ ಬರಲಿಲ್ಲ.

"ಅದನ್ನ ಬಿಚ್ಚು," ಎಂದಳು ಲುಪೆ.

"ಪಿಸಿಲಾ ಬಿಚ್ಚಿಸ್ಬೇಕು."

"ಅದೇ ಎಷ್ಟು ಭಾರ ಇದೆಯೋ ಏನೋ! ಒಂದು ನಿಮಿಷ ಕಣೋ, ಕೈ ಮುಗೀತೀನಿ."

"ಅತ್ತೆಗೆ ನಾನು ಕೊಡೋದು ಇನ್ನೇನು ಉಳಿದಿದೆ ಲುಪೆ? ಇದೊಂದೇ."

"ಅಪ್ಪ," ಎಂದಳು ಸೆಲಾ, "ಅಜ್ಜಿ ಇಲ್ಲಿದ್ದಿದ್ರೆ ಏನಂತಿದ್ರು? ಬಿಚ್ಚೋ ಕತ್ತೆ ಅಂತಿದ್ರು."

ಸಾಲೆಸಿ ಗೋಡೆಯ ಕಡೆ ನೋಡುತ್ತ ಎರಡೂ ಕೈ ಮೇಲೆತ್ತಿದ. ಲುಪೆ ಮಂಡಿಯೂರಿ ಹಗ್ಗದ ಗಂಟು ಬಿಚ್ಚಿದಳು. ಮೂರು ಸುತ್ತು. ಹೊಗೆಯ ವಾಸನೆಯ ಚಾಪೆ ಬಿಚ್ಚಿಕೊಂಡು ಅವಳ ತೋಳಿಗೆ ಬಂತು. ದೇವರೇ, ಇದು ಭಾರವಾಗಿರಲಿ, ಕಲ್ಲಿನಷ್ಟು ಭಾರವಾಗಿರಲಿ ಎಂದುಕೊಂಡಳು. ಅದು ಒಂದು ಚೀಲ ಅಕ್ಕಿಯಷ್ಟೂ ಇರಲಿಲ್ಲ.

ಇನ್ನೂರ ಹದಿನೆಂಟು ಮುಕ್ಕಾಲು.

"ಎರಡು ವಾರದ ಹಿಂದೆ ಇನ್ನೂರ ಹದಿಮೂರೂವರೆ ಇತ್ತು ಡಾಕ್ಟ್ರೇ," ಎಂದು ಒಳಗಿನ ಕೋಣೆಯಲ್ಲಿ ಸೆಲಾ ವಾದ ಮಾಡಿದಳು. "ನಾವೇ ನೋಡಿದೀವಿ."

"ಎಲ್ಲಿ ತೂಗಿದ್ರಿ?"

"ಈರುಳ್ಳಿ ಶೆಡ್ಡಲ್ಲಿ."

ಡಾಕ್ಟರು ನಗಲಿಲ್ಲ, ಒಳ್ಳೆಯ ಮನುಷ್ಯ. ಕಾಲನ್ನು ಬೆರಳಿನಿಂದ ಒತ್ತಿದರು, ಗುಳಿ ಹಾಗೇ ನಿಂತಿತು. "ಇದ್ರಲ್ಲಿ ಎಷ್ಟೋ ಪಾಲು ನೀರು ಇರ್ಬಹುದು. ಆದ್ರೆ ನೀರು ನಿಂತಿದೆ ಅಂದ್ರೆ ಹೃದಯ ಇನ್ನೂ ಸೋತಿದೆ ಅಂತ. ಈಗ ಮಾಡಿದ್ರೆ ಮೇಜಿನ ಮೇಲೇ ಹೋಗ್ಬಹುದು. ಹೊಸದಾಗಿ ಅರ್ಜಿ ಹಾಕಿ, ಆರು ತಿಂಗಳಾದ ಮೇಲೆ ನೋಡೋಣ."

"ಆರು ತಿಂಗಳು," ಎಂದಳು ಲುಪೆ. ಸಾಲೆಸಿ ಡಾಕ್ಟರ ಕೈ ಕುಲುಕಿ, "ತೊಂದರೆ ಕೊಟ್ವಿ," ಎಂದ.

ಕಾರಿನ ಹತ್ತಿರ ಅವನು ಮತ್ತೆ ಕೈಯೆತ್ತಿ ನಿಂತ. ಲುಪೆ ಚಾಪೆ ಸುತ್ತಿ ಹಗ್ಗ ಬಿಗಿದಳು.

ಸಂಜೆ ಅವಳು ಮೀನು, ಸೊಪ್ಪು ಬೇಯಿಸಿದಳು. ಕೆಸುವಿನ ಗಡ್ಡೆಯನ್ನು ಎಲ್ಲರಿಗೂ ಎಂದು ಹೆಚ್ಚಾಗಿಯೇ ಇಟ್ಟಿದ್ದಳು. ನೀಲಿ ತಟ್ಟೆ ತೊಳೆದು, ಮುದುಕಿ ಹಾಕುತ್ತಿದ್ದ ಅಳತೆಗೆ ಒಂದಿಷ್ಟೂ ಹೆಚ್ಚುಕಡಿಮೆಯಾಗದಂತೆ ಬಡಿಸಿದಳು. ಅಂಗೈಯಗಲ ಮೀನು, ಎರಡು ಬೆರಳಗಲ ಗಡ್ಡೆ. ಸಾಲೆಸಿ ಪ್ರಾರ್ಥನೆ ಹೇಳಿ ಉಂಡ. ಬಾತುಕೋಳಿಗಳ ಸಾಲು ಪೂರ್ತಿ ಕಾಣುವ ಹಾಗೆ ತಟ್ಟೆ ಒರೆಸಿದ. ಆಮೇಲೆ ಅದನ್ನು ಚಾಚಿದ.

"ಇನ್ನೊಂಚೂರು ಹಾಕು."

ಸೆಲಾ ಅಮ್ಮನ ಮುಖ ನೋಡಿದಳು.

"ಸಾಕು," ಎಂದಳು ಲುಪೆ. ಅತ್ತೆ ಹೇಳುತ್ತಿದ್ದ ಹಾಗೆಯೇ ಹೇಳಿದಳು.

ಸಾಲೆಸಿಗೆ ಸಿಟ್ಟು ಬರಲಿಲ್ಲ. ಅವಳನ್ನು ಪ್ರೀತಿಯಿಂದ ನೋಡಿ, ಸಣ್ಣಗೆ ನಕ್ಕ. "ನೀನು ಹೇಳಿದ್ರೆ ಆಗಲ್ಲ ಕಣೇ," ಎಂದ. ತಟ್ಟೆ ಹಾಗೇ ಚಾಚಿಕೊಂಡಿದ್ದ.

ಲುಪೆ ಸೌಟು ಎತ್ತಿಕೊಂಡು ಅವನ ತಟ್ಟೆಗೆ ಇನ್ನೊಂದು ತುಂಡು ಗಡ್ಡೆ ಹಾಕಿದಳು.